ಊಟದ ಮೇಜಿನ ದೆವ್ವ



ಕಳೆದ ಸಂಚಿಕೆಯಲ್ಲಿ ನಾನು ಹೋಳಿಗೆಯ ಬಗ್ಗೆ ಬರೆದಿದ್ದೆ. ಅದನ್ನು ಓದಿದ ನಿಮ್ಮಲ್ಲೊಬ್ಬಳು ಸಂಘದ ಕಾರ್ಯಕ್ರಮದಲ್ಲಿ ನನ್ನನ್ನು ತಡೆದು ನಿಲ್ಲಿಸಿ, "ಆಂಟಿ, ಪ್ರತಿ ಸಲ ಅಡುಗೆ, ಹಬ್ಬ, ಸಂಸ್ಕೃತಿ! ನಾವು ನೋಡೋ ಸಿನಿಮಾದ ಬಗ್ಗೆ ಒಮ್ಮೆಯಾದರೂ ಬರೆಯಿರಲ್ಲ" ಎಂದಳು. ಆಗಲಿ ತಾಯಿ, ಈ ಸಲ ಸಿನಿಮಾ. ಅದೂ ದೆವ್ವದ ಸಿನಿಮಾ! ಆದರೆ ಕೊನೆಗೆ ಇದೂ ಮನೆಯ ಮಾತೇ ಆಗಿಬಿಟ್ಟರೆ ನನ್ನನ್ನು ಬೈಯಬೇಡಿ.

ಕಳೆದ ದೀಪಾವಳಿಗೆ ಮಗ ಬೆಂಗಳೂರಿನಿಂದ ಪುಣೆಗೆ ಬಂದಿದ್ದ. ಮಗಳು ಇಲ್ಲೇ ನಮ್ಮೊಡನೆ ಇದ್ದಾಳೆ. ಲಕ್ಷ್ಮೀಪೂಜೆಯ ಮರುದಿನ ರಾತ್ರಿ ಅಣ್ಣ-ತಂಗಿ ಸೇರಿ ಟಿ.ವಿ.ಯಲ್ಲಿ ‘ಹೆರೆಡಿಟರಿ’ ಎಂಬ ಇಂಗ್ಲಿಷ್ ಚಿತ್ರ ಹಚ್ಚಿದರು. ಹೆಸರಿನ ಅರ್ಥ ನಿಮಗೆ ಗೊತ್ತೇ ಇದೆ, ವಂಶಪಾರಂಪರ್ಯವಾಗಿ ಬಂದದ್ದು. ನಾನು ಚಕ್ಕುಲಿಯ ಡಬ್ಬಿ ಹಿಡಿದು ಒಂದು ಮೂಲೆಯಲ್ಲಿ ಕುಳಿತೆ. ನಮ್ಮವರು ಪೇಪರ್ ಓದುವ ನೆವದಲ್ಲಿ ಇನ್ನೊಂದು ಮೂಲೆಯಲ್ಲಿ ಕುಳಿತರು. (ಈ ಚಿತ್ರ ನೋಡಬೇಕೆಂದಿರುವವರು ಇಲ್ಲಿಗೇ ಪುಟ ಮಡಚಿಡಿ. ಕಥೆ ಹೇಳದೆ ಮುಂದೆ ಹೋಗಲು ನನಗೆ ಬಾರದು. ಇದು ಚಿಕ್ಕ ಮಕ್ಕಳ ಚಿತ್ರವಂತೂ ಅಲ್ಲವೇ ಅಲ್ಲ.)

ಆರಿ ಆಸ್ಟರ್ ಎಂಬ ನಿರ್ದೇಶಕರ ಮೊದಲ ಪೂರ್ಣ ಪ್ರಮಾಣದ ಚಿತ್ರವಿದು. 2018ರ ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲ ಪ್ರದರ್ಶನ ಕಂಡು, ಅದೇ ವರ್ಷದ ಜೂನ್‌ನಲ್ಲಿ ತೆರೆಗೆ ಬಂತು. ಕಥೆ ಆರಂಭವಾಗುವುದು ಒಬ್ಬ ಅಜ್ಜಿಯ ಸಾವಿನಿಂದ. ಮಗಳು ಆ್ಯನಿ (ಟೋನಿ ಕೊಲೆಟ್ ಎಂಬ ಆಸ್ಟ್ರೇಲಿಯಾದ ನಟಿ) ತನ್ನ ಜೀವನದ ಘಟನೆಗಳನ್ನೇ ಬೊಂಬೆಮನೆಯಂಥ ಪುಟ್ಟ ಪುಟ್ಟ ಮಾದರಿಗಳಾಗಿ ಮಾಡುವ ಕಲಾವಿದೆ. ಗಂಡ ಶಾಂತ ಸ್ವಭಾವದವನು. ಹೈಸ್ಕೂಲಿನಲ್ಲಿ ಓದುವ ಮಗ ಪೀಟರ್, 13ರ ಮಗಳು ಚಾರ್ಲಿ. ಅಜ್ಜಿ ಗುಟ್ಟಿನ ಹೆಂಗಸು. ಅವಳ ಪೂಜೆ, ಅವಳ ಗೆಳತಿಯರು ಯಾವುದೂ ಮನೆಯವರಿಗೆ ತಿಳಿಯದು. ಒಂದು ರಾತ್ರಿ ಪೀಟರ್ ಪಾರ್ಟಿಗೆ ಹೊರಟಾಗ ತಂಗಿಯನ್ನೂ ಕರೆದುಕೊಂಡು ಹೋಗು ಎಂದು ತಾಯಿ ಒತ್ತಾಯಿಸುತ್ತಾಳೆ. ಅಲ್ಲಿ ತಂಗಿ ತನಗೆ ಒಗ್ಗದ ಕಾಯಿಬೀಜ ಹಾಕಿದ ಕೇಕ್ ತಿಂದು ಉಸಿರು ಕಟ್ಟಿ ಒದ್ದಾಡುತ್ತಾಳೆ. ಅಣ್ಣ ಹೌಹಾರಿ ಕಾರು ಓಡಿಸುತ್ತಾನೆ. ದಾರಿಯಲ್ಲೇ ತಂಗಿ ಭೀಕರವಾಗಿ ಸಾಯುತ್ತಾಳೆ. ಹುಡುಗ ಯಾರಿಗೂ ಏನೂ ಹೇಳದೆ ಮನೆಗೆ ಬಂದು ಹಾಸಿಗೆಯ ಮೇಲೆ ಬೀಳುತ್ತಾನೆ.

ಆಮೇಲೆ ದೆವ್ವ, ಮಂತ್ರ, ರಹಸ್ಯ ಪಂಥ ಎಲ್ಲವೂ ಬರುತ್ತವೆ. ಅಜ್ಜಿ ಪೈಮನ್ ಎಂಬ ಪಿಶಾಚರಾಜನನ್ನು ಪೂಜಿಸುವ ಗುಂಪಿನ ನಾಯಕಿಯಾಗಿದ್ದಳೆಂದು ತಿಳಿಯುತ್ತದೆ. ಅವಳ ನಂಬಿಕೆಯ ಸಾಲವನ್ನು ಮಕ್ಕಳು, ಮೊಮ್ಮಕ್ಕಳು ತೀರಿಸಬೇಕಾಗುತ್ತದೆ. ಯಾರೂ ಉಳಿಸಲು ಬರುವುದಿಲ್ಲ.

ಈ ಚಿತ್ರವನ್ನು ನೋಡಿದವರು ಏನೆಂದರು ಎಂಬುದೇ ನನಗೆ ಚಿತ್ರದಷ್ಟೇ ಕುತೂಹಲದ ವಿಷಯ. ವಿಮರ್ಶಕರು ಹೊಗಳಿದರು. ಕೊಲೆಟ್ ಅವರಿಗೆ ಆಸ್ಕರ್ ನಾಮನಿರ್ದೇಶನ ಸಿಗದಿದ್ದಾಗ ಅನ್ಯಾಯವಾಯಿತು ಎಂದವರು ಬಹಳ ಮಂದಿ. ಆದರೆ ಸಾಮಾನ್ಯ ಪ್ರೇಕ್ಷಕ? ಅಮೆರಿಕದಲ್ಲಿ ಸಿನಿಮಾಸ್ಕೋರ್ ಎಂಬ ಸಂಸ್ಥೆಯಿದೆ. ಚಿತ್ರ ಬಿಡುಗಡೆಯಾದ ರಾತ್ರಿಯೇ ಆಯ್ದ ಚಿತ್ರಮಂದಿರಗಳಲ್ಲಿ ಪ್ರೇಕ್ಷಕರ ಕೈಗೆ ಚೀಟಿ ಕೊಟ್ಟು, ಶಾಲೆಯ ಮಾಸ್ತರರ ಹಾಗೆ ‘ಎ’ಯಿಂದ ‘ಎಫ್’ವರೆಗೆ ದರ್ಜೆ ಹಾಕಿಸುತ್ತದೆ. ಅಲ್ಲಿ ‘ಹೆರೆಡಿಟರಿ’ಗೆ ಸಿಕ್ಕದ್ದು ‘ಡಿ ಪ್ಲಸ್’! ಇಷ್ಟಾದರೂ ಜಗತ್ತಿನಾದ್ಯಂತ ಸುಮಾರು 8 ಕೋಟಿ ಡಾಲರ್ ಗಳಿಸಿತು. ಅಂದರೆ ಜನ ಹೋದರು, ನೋಡಿದರು, ಬೈದರು.

ಹೆದರಿಸಿದ್ದಕ್ಕೆ ಬೈದರೆ? ಹಾಗೆ ಅನಿಸುವುದಿಲ್ಲ. 2013ರ ‘ದಿ ಕಾಂಜುರಿಂಗ್’ ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅದರಲ್ಲೂ ಒಂದು ಕುಟುಂಬ, ಒಂದು ಮನೆ, ಮೈಮೇಲೆ ಬರುವ ಪಿಶಾಚಿ, ದೇವರ ಪ್ರಾರ್ಥನೆ ಇವೆ. ಅದಕ್ಕೆ ಅದೇ ಪ್ರೇಕ್ಷಕರು ಕೊಟ್ಟದ್ದು ‘ಎ ಮೈನಸ್’. ಇತ್ತ 1630ರ ಕಾಲದ ಒಂದು ಕಟ್ಟಾ ದೈವಭಕ್ತ ಕುಟುಂಬ ಕಾಡಿನ ಅಂಚಿನಲ್ಲಿ ಚೂರುಚೂರಾಗುವ ‘ದಿ ವಿಚ್’ ಚಿತ್ರಕ್ಕೆ ‘ಸಿ ಮೈನಸ್’. 2017ರ ‘ಮದರ್!’ ಚಿತ್ರಕ್ಕೆ ಸೀದಾ ‘ಎಫ್’.

ವ್ಯತ್ಯಾಸ ನೋಡಿ. ‘ಕಾಂಜುರಿಂಗ್’ನಲ್ಲಿ ಸಹಾಯಕ್ಕೆ ಯಾರೋ ಬರುತ್ತಾರೆ, ಪ್ರಾರ್ಥನೆ ಫಲಿಸುತ್ತದೆ. ಪಿಶಾಚಿ ಹಿಡಿದ ತಾಯಿಗೆ ಮಕ್ಕಳೊಡನೆ ಸಮುದ್ರ ತೀರದಲ್ಲಿ ಕಳೆದ ಒಂದು ಸುಖದ ದಿನವನ್ನು ನೆನಪಿಸಿದಾಗ ಅವಳು ಉಳಿಯುತ್ತಾಳೆ. ‘ಹೆರೆಡಿಟರಿ’ಯಲ್ಲಿ ನಂಬಿಕೆಯೇ ಮನೆಯನ್ನು ನುಂಗುತ್ತದೆ, ತಾಯಿಯೇ ಮಗನನ್ನು ಬೆನ್ನಟ್ಟುತ್ತಾಳೆ. ಎಷ್ಟು ಹೆದರಿಸಿದರೂ ಜನ ಕ್ಷಮಿಸುತ್ತಾರೆ. ಮನೆ ಮತ್ತು ದೇವರು ಎರಡೂ ಕೈಬಿಟ್ಟರೆ ಕ್ಷಮಿಸುವುದಿಲ್ಲ. ಹಾಗೆ ನೋಡಿದರೆ ‘ಡಿ ಪ್ಲಸ್’ ಕೊಟ್ಟವರು ದಡ್ಡರೇನೂ ಅಲ್ಲ. ಸಿಹಿಯೆಂದು ಕರೆದು ಹಾಗಲಕಾಯಿ ಬಡಿಸಿದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಭೂತದ ಚಿತ್ರವೆಂದು ಟಿಕೆಟ್ ತೆಗೆದವರಿಗೆ ಮಗಳು ಸತ್ತ ತಾಯಿಯ ಗೋಳನ್ನು ತೋರಿಸಿದರೆ ಅವರಾದರೂ ಏನು ಮಾಡಿಯಾರು?

ನಮ್ಮ ಮನೆಯ ಪ್ರತಿಕ್ರಿಯೆಗೆ ಬರುತ್ತೇನೆ. ಮಗಳಿಗೆ ಮೊದಲ ಅರ್ಧ ಗಂಟೆ ಬೇಸರವೋ ಬೇಸರ. ಚಾರ್ಲಿ ನಾಲಿಗೆಯಿಂದ ‘ಟಕ್’ ಎಂದು ಸದ್ದು ಮಾಡುವುದನ್ನು ಕಲಿತುಕೊಂಡು ನನ್ನ ಕಿವಿಯ ಹತ್ತಿರ ಮಾಡಿ ನನ್ನನ್ನು ಬೆಚ್ಚಿಬೀಳಿಸಿದಳು. ಮಗ ಪಂಡಿತನ ಹಾಗೆ ವಿವರಣೆ ಕೊಡುತ್ತಿದ್ದ. ಪೀಟರ್‌ನ ತರಗತಿಯಲ್ಲಿ ಹೆರಾಕ್ಲಿಸನ ಗ್ರೀಕ್ ದುರಂತದ ಪಾಠ ನಡೆಯುವಾಗ, ಬಿ.ಎ.ಯಲ್ಲಿ ಈಡಿಪಸ್ ಓದಿದ್ದ ನನಗೂ ಮಾತಾಡಲು ಅವಕಾಶ ಸಿಕ್ಕಿತು. ಎಲ್ಲವೂ ಮೊದಲೇ ನಿಶ್ಚಯವಾಗಿದ್ದರೆ ಮನುಷ್ಯನ ತಪ್ಪೆಲ್ಲಿ ಬಂತು ಎಂಬ ಪ್ರಶ್ನೆ ಅದು.

ಆಮೇಲೆ ಊಟದ ಮೇಜಿನ ದೃಶ್ಯ ಬಂತು. ಮಗಳು ಸತ್ತ ಮೇಲೆ ತಂದೆ, ತಾಯಿ, ಮಗ ಮೂವರೂ ಮಾತಿಲ್ಲದೆ ಉಣ್ಣುತ್ತಿದ್ದಾರೆ. ಏನಿದೆ ಮನಸ್ಸಿನಲ್ಲಿ ಹೇಳಿಬಿಡು ಎಂದು ಮಗನೇ ಕೆಣಕುತ್ತಾನೆ. ತಾಯಿ ಸಿಡಿಯುತ್ತಾಳೆ. ಅಲ್ಲಿ ದೆವ್ವವಿಲ್ಲ, ರಕ್ತವಿಲ್ಲ. ಆದರೂ ನನ್ನ ಮಕ್ಕಳಿಬ್ಬರೂ ಉಸಿರು ಬಿಗಿಹಿಡಿದು ಕುಳಿತಿದ್ದರು.

ಅಷ್ಟರಲ್ಲಿ ನಮ್ಮವರು ಪೇಪರ್ ಮಡಚಿಟ್ಟು, "ಏನು ಹಚ್ಚೀರಿ ಇದು" ಎಂದು ಎದ್ದು ಬಾಲ್ಕನಿಗೆ ಹೋದರು. ಮಗಳು ನಕ್ಕು, "ಅಪ್ಪ ಹೆದರಿದ್ರು!" ಎಂದಳು. ಮಗ ನಗಲಿಲ್ಲ. ಗೋಡೆಯ ಮೇಲಿದ್ದ ಫೋಟೋ ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ:

"ಅಮ್ಮಾ, ಅಜ್ಜಿ ಅಪ್ಪನ ಕೂಡ ಯಾಕ ಮಾತಾಡ್ತಿರಲಿಲ್ಲ?"

ನಿಮ್ಮಲ್ಲಿ ಹಲವರ ಮನೆಯಲ್ಲೂ ಗಂಧದ ಹಾರ ಹಾಕಿದ ಅಂಥದೊಂದು ಫೋಟೋ ಇರಬಹುದು. ನಮ್ಮಲ್ಲಿರುವುದು ಹನ್ನೊಂದು ವರ್ಷದ ಹುಡುಗನದು. ನಮ್ಮ ಮಕ್ಕಳಿಗೆ ಅವನು ‘ಫೋಟೋದ ಕಾಕಾ’. ಅದಕ್ಕಿಂತ ಹೆಚ್ಚು ಅವರಿಗೆ ಗೊತ್ತಿರಲಿಲ್ಲ. 1981ರ ಬೇಸಿಗೆ ರಜೆಯಲ್ಲಿ, ಬೆಳಗಾವಿಯ ಕಡೆಯ ನಮ್ಮ ಹಳ್ಳಿಯ ತೋಟದ ಬಾವಿಯಲ್ಲಿ ಅವನು ಮುಳುಗಿ ಹೋದ. ಈಜು ಕಲಿಸುತ್ತೇನೆಂದು ಕರೆದುಕೊಂಡು ಹೋಗಿದ್ದವರು ಅವನ ಅಣ್ಣ, ಅಂದರೆ ನಮ್ಮವರು. ಅವರಿಗಾಗ ಹದಿನಾರು. "ತಮ್ಮನನ್ನೂ ಕರಕೊಂಡು ಹೋಗು" ಎಂದು ಕಳಿಸಿದ್ದವರು ಅತ್ತೆಯವರೇ.

ಅತ್ತೆಯವರು ಮಗನನ್ನು ಒಂದು ದಿನವೂ ಬೈಯಲಿಲ್ಲ. ಅತ್ತದ್ದನ್ನೂ ಯಾರೂ ಕಾಣಲಿಲ್ಲ. ಆದರೆ ನೇರ ಮಾತು ನಿಂತಿತು. ನಾನು 1992ರಲ್ಲಿ ಸೊಸೆಯಾಗಿ ಬಂದಾಗ, "ಅವನಿಗೆ ಇನ್ನೊಂದು ಭಕ್ರಿ ಬೇಕೇನು ಕೇಳು" ಎಂದು ನನಗೆ ಹೇಳುತ್ತಿದ್ದರು. ಅವರು ಮೂರು ಅಡಿ ದೂರದಲ್ಲಿ ಕುಳಿತಿರುತ್ತಿದ್ದರು. ಶನಿವಾರ ಉಪವಾಸ, ಹನುಮಪ್ಪನಿಗೆ ಎಣ್ಣೆ, ಒಂದು ತೆಂಗಿನಕಾಯಿ. ಆ ಹರಕೆ ಯಾರ ಹೆಸರಿನಲ್ಲಿ ಎಂದು ಯಾರೂ ಕೇಳುವಂತಿರಲಿಲ್ಲ. ಮದುವೆಯಾದ ಮೂರನೆಯ ತಿಂಗಳು ನಮ್ಮವರ ಸೋದರತ್ತೆಯೊಬ್ಬರು ನನಗೆ ವಿಷಯ ತಿಳಿಸಿ, "ನೀ ಬಾಯಿ ಬಿಡಬ್ಯಾಡ" ಎಂದರು. ನಾನು ಬಿಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಕಲಿತು ಬಂದವಳು ನಾನು. ಆ ಮೌನಕ್ಕೆ ಮೂವತ್ತು ವರ್ಷ ಅನ್ನ ಹಾಕಿ ಸಾಕಿದವಳು ನಾನೇ. ಅತ್ತೆಯವರು 2011ರಲ್ಲಿ ತೀರಿಕೊಂಡರು. ತಾಯಿ-ಮಗನ ನಡುವೆ ಆ ಮಾತು ಕೊನೆಗೂ ಆಗಲಿಲ್ಲ.

ಇದರಲ್ಲಿ ನನ್ನ ಮಕ್ಕಳಿಗೆ ‘ಹೆರೆಡಿಟರಿ’ಯಾಗಿ ಬಂದದ್ದೇನು? ನೀರಿನ ಭಯ. ಶಾಲೆಯಲ್ಲಿ ಈಜಿನ ತರಗತಿಗೆ ಅವರನ್ನು ಇವರು ಕಳಿಸಲಿಲ್ಲ. "ಸೈನಸ್ ಆಗ್ತದ" ಎಂದು ಕಾರಣ ಹೇಳುತ್ತಿದ್ದರು. ಗೆಳೆಯರೊಡನೆ ಗೋವಾಕ್ಕೆ ಹೋದ ಮಗ ದಂಡೆಯಲ್ಲಿ ಎಲ್ಲರ ಚಪ್ಪಲಿ ಕಾಯುತ್ತ ಕುಳಿತು ಬಂದ. ಯಾಕೆಂದು ಅವನಿಗೇ ಗೊತ್ತಿರಲಿಲ್ಲ!

2018ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಪರ್ತ್‌ನ ಒಂದು ಚಿತ್ರಮಂದಿರದಲ್ಲಿ ‘ಪೀಟರ್ ರ‍್ಯಾಬಿಟ್’ ಎಂಬ ಮಕ್ಕಳ ಚಿತ್ರಕ್ಕೆ ಮೊದಲು ತಪ್ಪಿ ಇದೇ ‘ಹೆರೆಡಿಟರಿ’ಯ ಟ್ರೇಲರ್ ಹಾಕಿಬಿಟ್ಟರಂತೆ. ತಂದೆ-ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಹೊರಗೆ ಓಡಿದರು. ಸರಿಯಾಗಿಯೇ ಮಾಡಿದರು, ನಾನಾಗಿದ್ದರೂ ಓಡುತ್ತಿದ್ದೆ. ಆದರೆ ನಾವು ನಮ್ಮ ಮನೆಯ ಕಥೆಯಿಂದಲೂ ಮಕ್ಕಳನ್ನು ಎತ್ತಿಕೊಂಡು ಓಡಿದೆವು, ಅವರು ದೊಡ್ಡವರಾದ ಮೇಲೂ ಓಡುತ್ತಲೇ ಇದ್ದೆವು. ನೀವು ಹುಟ್ಟಿದ್ದು ಇಲ್ಲಿ, ಊರಿನ ಬಾವಿ ನಿಮಗೇಕೆ ಎಂದುಕೊಂಡೆವು. ಊರು ಬಿಟ್ಟರೆ ಊರಿನ ದುಃಖವೂ ಅಲ್ಲೇ ಉಳಿಯುತ್ತದೆ ಎಂಬ ಭ್ರಮೆ ನಮ್ಮದು.

ಆ ರಾತ್ರಿ ನಾನು ಟಿ.ವಿ. ಆರಿಸಿದೆ. ಉಳಿದ ಚಿತ್ರವನ್ನು ಮಕ್ಕಳು ಮರುದಿನ ನೋಡಿದರು. ಮಗ ಬಾಲ್ಕನಿಗೆ ಹೋಗಿ ಅಪ್ಪನ ಪಕ್ಕದಲ್ಲಿ ಸುಮ್ಮನೆ ನಿಂತ. ಬಹಳ ಹೊತ್ತಾದ ಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ: "ಅಪ್ಪಾ, ಕಾಕಾನ ಹೆಸರೇನು?" ಅವರು ಹೇಳಿದರು. ತಮ್ಮನ ಹೆಸರನ್ನು ನಮ್ಮವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಹೆಸರಿನ ಹಿಂದೆಯೇ ಬಾವಿಯೂ ಬಂತು, ಆ ಮಧ್ಯಾಹ್ನವೂ ಬಂತು. ಎಲ್ಲವನ್ನೂ ಇಲ್ಲಿ ಬರೆಯಲಾರೆ. ಮಗಳು ಒಳಗಿನಿಂದ ಶಾಲು ತಂದು ಅಪ್ಪನಿಗೆ ಹೊದಿಸಿದಳು. ನಾನು ಚಹಾ ಇಟ್ಟೆ. ರಾತ್ರಿ ಒಂದು ಗಂಟೆಗೆ!

ಆದ್ದರಿಂದ ನನ್ನ ದರ್ಜೆ ಏನೆಂದರೆ, ಆ ಒಂದು ದೃಶ್ಯಕ್ಕೆ ‘ಎ’, ಚಿತ್ರದ ತೀರ್ಮಾನಕ್ಕೆ ‘ಡಿ’. ವಂಶದಿಂದ ಬಂದದ್ದರಿಂದ ಬಿಡುಗಡೆಯೇ ಇಲ್ಲ, ಮನುಷ್ಯರು ಬೊಂಬೆಮನೆಯ ಬೊಂಬೆಗಳು ಎಂದು ಚಿತ್ರ ಹೇಳುತ್ತದೆ. ನಾನು ಒಪ್ಪುವುದಿಲ್ಲ. ಬೊಂಬೆಗೆ ಬಾಯಿಲ್ಲ, ನಮಗಿದೆ. ಆದರೆ ಬಾಯಿ ಬಿಟ್ಟು ಕೂಗಿದರೂ ಸಾಲದು ಎಂಬುದನ್ನು ಅದೇ ದೃಶ್ಯ ತೋರಿಸುತ್ತದೆ. ಆ ಮೇಜಿನಲ್ಲಿ ಮಾತು ಬಂದಾಗ ಹೊತ್ತು ಮೀರಿತ್ತು, ಅದು ಕಲ್ಲಾಗಿ ಬಂತು.

ನೀವು ನಿಮ್ಮ ಮನೆಯ ಫೋಟೋದ ಬಗ್ಗೆ ಕೇಳಿ. ಆದರೆ ನಾಲ್ಕು ಜನರ ಮುಂದೆ, ಊಟದ ನಡುವೆ ಕೇಳಬೇಡಿ. ಪಕ್ಕದಲ್ಲಿ ನಿಂತು ಕೇಳಿ, ಮೊದಲು ಹೆಸರನ್ನಷ್ಟೇ ಕೇಳಿ. ಉತ್ತರ ಬರದಿದ್ದರೆ ಸಿಟ್ಟಾಗಬೇಡಿ. ಇನ್ನೊಂದು ದಿನ ಮತ್ತೆ ನಿಲ್ಲಿ. ನಮ್ಮ ತಲೆಮಾರಿಗೆ ಹೇಳುವುದು ಗೊತ್ತಿಲ್ಲ, ಕೇಳುವುದನ್ನು ನೀವೇ ಕಲಿಸಬೇಕು.

ಜನವರಿಯಿಂದ ಮಗಳು ಈಜು ಕಲಿಯಲು ಹೋಗುತ್ತಿದ್ದಾಳೆ. ಇಪ್ಪತ್ತೈದನೆಯ ವಯಸ್ಸಿನಲ್ಲಿ, ಚಿಕ್ಕ ಮಕ್ಕಳ ಸಾಲಿನಲ್ಲಿ! ಬೆಳಿಗ್ಗೆ ಆರಕ್ಕೆ ಅಪ್ಪನೇ ಸ್ಕೂಟರಿನಲ್ಲಿ ಬಿಡುತ್ತಾರೆ. ಮೊದಲ ತಿಂಗಳು ಗೇಟಿನ ಹೊರಗೇ ಕಾಯುತ್ತಿದ್ದರು. ಈಗ ಒಳಗಿನ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾರಂತೆ. ನೀರಿನ ಕಡೆ ಬೆನ್ನು ಹಾಕಿ.

ಇರಲಿ. ಒಳಗಂತೂ ಬಂದಿದ್ದಾರೆ.