ಮರವಿಲ್ಲದ ನೆಲವೆಲ್ಲ ಬೀಳಲ್ಲ

ಬ್ರೆಜಿಲ್ ದೇಶದ ರೊಂಡೋನಿಯಾ ರಾಜ್ಯದ ಮಳೆಕಾಡಿನಲ್ಲಿ ಉರು-ಎವು-ವಾವ್-ವಾವ್ ಎಂಬ ಬುಡಕಟ್ಟಿನವರಿದ್ದಾರೆ. ಮರ ಕಡಿದು, ಬೆಂಕಿಯಿಟ್ಟು ಜಮೀನು ಮಾಡಿಕೊಳ್ಳಲು ನುಗ್ಗುವ ವಲಸಿಗರನ್ನು ಇವರು ತಡೆಯುವ ಕಥೆಯೇ 2022ರ ಸಾಕ್ಷ್ಯಚಿತ್ರ 'ದಿ ಟೆರಿಟರಿ'. ಕೊರೊನಾ ಕಾಲದಲ್ಲಿ ಹೊರಗಿನವರ ಪ್ರವೇಶ ನಿಂತಾಗ ಬುಡಕಟ್ಟಿನವರೇ ಕ್ಯಾಮೆರಾ ಹಿಡಿದು ಚಿತ್ರೀಕರಣ ಮುಂದುವರಿಸಿದರು.

ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಮಳೆಕಾಡಿಲ್ಲ, ಮಳೆಯೇ ಕಡಿಮೆ. ಇಲ್ಲಿನ ಸಂಪತ್ತು ಹುಲ್ಲು. ಮ್ಯಾಸಬೇಡರ ದೇವರ ಎತ್ತುಗಳು, ಕಾಡುಗೊಲ್ಲರ ಹಿಂಡುಗಳು, ಕಂಬಳಿ ನೇಯುವವರ ಉಣ್ಣೆ ಎಲ್ಲಕ್ಕೂ ಹುಲ್ಲೇ ಆಧಾರ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಚಳ್ಳಕೆರೆಯ ಕಾವಲುಗಳಲ್ಲಿ ಊರಿನ ಕುರಿ, ದನಗಳೂ ಮೇಯುತ್ತಿದ್ದವು.

2007 ಮತ್ತು ನಂತರದ ವರ್ಷಗಳಲ್ಲಿ ಈ ಕಾವಲುಗಳ ಸುಮಾರು 10,000 ಎಕರೆ ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಮತ್ತಿತರ ಸಂಸ್ಥೆಗಳ ಪಾಲಾಯಿತು. ಬ್ರೆಜಿಲ್‌ನಲ್ಲಿ ಅಕ್ರಮ ಒತ್ತುವರಿ. ಇಲ್ಲಿ ಸರ್ಕಾರದ್ದೇ ಆದೇಶ. ಗೋಡೆ ಎದ್ದಾಗ ಗ್ರಾಮಸ್ಥರು ಪ್ರತಿಭಟಿಸಿದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. 2014ರಲ್ಲಿ ತೀರ್ಪು ಬಂತು. ಭೂಮಿ ಮಾತ್ರ ಮರಳಲಿಲ್ಲ.

ಮರವಿಲ್ಲದ ನೆಲ ಬರಡು ಎಂಬ ತಿಳಿವಳಿಕೆ ಸರಿಯಲ್ಲ. ಹುಲ್ಲಿನ ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ, ಮಳೆನೀರು ಇಂಗಲು ನೆರವಾಗುತ್ತವೆ, ಇಂಗಾಲವನ್ನು ನೆಲದೊಳಗೆ ಕೂಡಿಡುತ್ತವೆ. ಬೇಸಿಗೆಯಲ್ಲಿ ಒಣಗಿದಂತೆ ಕಂಡ ಹುಲ್ಲು ಮೊದಲ ಮಳೆಗೇ ಬುಡದಿಂದ ಚಿಗುರುತ್ತದೆ. ಕುರಿ ಕಾಯುವವರಿಗೆ ಇದು ಗೊತ್ತು; ಕಡತಗಳಲ್ಲಿ ಇದಿಲ್ಲ. ಆ ಸೀಮೆಯ ವಿದ್ಯಾರ್ಥಿಗಳು ತಮ್ಮೂರ ಹುಲ್ಲು, ಹಕ್ಕಿ, ಹಿಂಡುಗಳ ವಿವರವನ್ನು ಹಿರಿಯರಿಂದ ಕೇಳಿ ಬರೆದಿಡಬೇಕು. ಅದಕ್ಕೆ ಕ್ಯಾಮೆರಾ ಬೇಕಿಲ್ಲ, ಒಂದು ನೋಟ್ ಪುಸ್ತಕ ಸಾಕು.