ಸ್ಪ್ರಿಂಗ್ ಭಾರ ಹೊರುತ್ತದೆ, ಗುರಿ ಇಡುವುದಿಲ್ಲ

ಕಳೆದ ವರ್ಷ ಕಾಲೇಜಿನ ಕ್ರೀಡಾಕೂಟದ ದಿನ ಸಿರುಗುಪ್ಪದ ಗೆಳೆಯನೊಬ್ಬನಿಗೆ ನಾನೇ ಹೇಳಿದ್ದೆ: ‘ನೀನು ಇಲ್ಲೇ ಕೂತ್ಕೊಂಡು ಸ್ಕೋರ್ ಬರ್ಕೊ ದೋಸ್ತ.’ ಅಪಘಾತದ ನಂತರ ಅವನು ಗಾಲಿಕುರ್ಚಿಯಲ್ಲಿದ್ದಾನೆ. ನಕ್ಕು ಪುಸ್ತಕ ತೆಗೆದುಕೊಂಡ. ಅವನಿಗೆ ಒಂದು ಕೆಲಸ ಕೊಟ್ಟೆನೆಂಬ ಸಮಾಧಾನ ನನಗಿತ್ತು.

ಅದು ತಪ್ಪೆಂದು ತಿಳಿದದ್ದು ಹುಬ್ಬಳ್ಳಿಯ ಶ್ರೀಹರ್ಷ ದೇವರೆಡ್ಡಿ ಅವರ ಬಗ್ಗೆ ಓದಿದಾಗ. 2023ರಲ್ಲಿ ದಕ್ಷಿಣ ಕೊರಿಯಾದ ಚಾಂಗ್ವಾನ್‌ನಲ್ಲಿ ನಡೆದ ಪ್ಯಾರಾ ಶೂಟಿಂಗ್ ವಿಶ್ವಕಪ್‌ನ 10 ಮೀಟರ್ ಏರ್ ರೈಫಲ್‌ನಲ್ಲಿ ಚಿನ್ನ ಗೆದ್ದವರು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದವರು. ಅವರದು ಎಸ್‌ಎಚ್‌2 ವಿಭಾಗ. ಅಂದರೆ ತೋಳಿನಿಂದ ಬಂದೂಕಿನ ಭಾರ ಹೊರಲಾಗದವರ ವಿಭಾಗ. ಇಲ್ಲಿ ರೈಫಲ್ ಒಂದು ಸ್ಟ್ಯಾಂಡಿನ ಮೇಲೆ ಕೂರುತ್ತದೆ. ಗಂಡು, ಹೆಣ್ಣು ಒಟ್ಟಿಗೇ ಸ್ಪರ್ಧಿಸುತ್ತಾರೆ.

‘ಸ್ಟ್ಯಾಂಡ್ ಇದ್ದರೆ ಯಾರು ಬೇಕಾದರೂ ಹೊಡೆಯಬಹುದಲ್ಲ?’ ಎಂದು ಕೇಳುವವರಿದ್ದಾರೆ. ಆ ಸ್ಟ್ಯಾಂಡಿನಲ್ಲಿ ಸ್ಪ್ರಿಂಗ್ ಇರುತ್ತದೆ. ಅದು ಭಾರ ಹೊರುತ್ತದೆ, ಆದರೆ ಅಲುಗಾಡುತ್ತದೆ. ಉಸಿರು ಹಿಡಿದು ಅದನ್ನು ಸ್ಥಿರವಾಗಿಸಬೇಕಾದವರು ಶೂಟರ್. 10 ಮೀಟರ್ ದೂರದ ಗುರಿಯ ನಡುವಿನ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಒಂದು ಗುಂಡಿಗೆ ಹೆಚ್ಚೆಂದರೆ 10.9 ಅಂಕ, ಅರ್ಹತಾ ಸುತ್ತಿನಲ್ಲಿ 60 ಗುಂಡು. ಸ್ಟ್ಯಾಂಡ್ ಒಂದು ಅಂಕವನ್ನೂ ತಂದುಕೊಡುವುದಿಲ್ಲ. ಸ್ಪರ್ಧೆಗೆ ಸಂಬಂಧಪಡದ ಅಡ್ಡಿಯನ್ನು ಮಾತ್ರ ತೆಗೆಯುತ್ತದೆ.

ಎಂಜಿನಿಯರಿಂಗ್ ಓದುವ ನನಗೆ ಇದೇ ಇಷ್ಟವಾದ ಪಾಠ. ರ್‍ಯಾಂಪ್, ಪರೀಕ್ಷೆಯ ಸ್ಕ್ರೈಬ್, ಸರ್ಕಾರಿ ನೌಕರಿಯ ಶೇ 4ರ ಮೀಸಲಾತಿ ಎಲ್ಲವೂ ಆ ಸ್ಪ್ರಿಂಗ್‌ನಂಥವೇ. ‘ಅವರಿಗೆ ಸುಲಭ ಬಿಡು’ ಎಂದು ನಮ್ಮ ಓದುಕೋಣೆಗಳಲ್ಲಿ ಗೊಣಗುವ ಮುನ್ನ ಇದನ್ನು ನೆನೆಯಬೇಕು. ಓದುವವರು, ಬರೆಯಿಸುವವರು ಅವರೇ.

ಸಿರುಗುಪ್ಪ ಅಥವಾ ಕುರುಗೋಡಿನ ಒಬ್ಬ ಹುಡುಗಿ ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಚಿನ್ನ ಗೆದ್ದ ಅವನಿ ಲೇಖರಾ ಅವರನ್ನು ಕಂಡು ಆಸೆಪಟ್ಟಳು ಎನ್ನಿ. ಅವಳಿಗೆ ಮೊದಲ ಎದುರಾಳಿ ಬಳ್ಳಾರಿ ಬಸ್ಸಿನ ಮೆಟ್ಟಿಲು. ಹೊಸಪೇಟೆ, ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿಗೆ ಹೋಗುವುದು ಆಮೇಲಿನ ಮಾತು. ಏರ್ ರೈಫಲ್‌ಗೆ ದೊಡ್ಡ ಮೈದಾನ ಬೇಕಿಲ್ಲ. ನೆಲಮಹಡಿಯ ಒಂದು ಉದ್ದನೆಯ ಹಾಲ್, ಗುಂಡು ತಡೆಯುವ ಭದ್ರ ವ್ಯವಸ್ಥೆ, ತರಬೇತಾದ ಕೋಚ್, ಹಂಚಿಕೊಳ್ಳಲು ನಾಲ್ಕು ರೈಫಲ್ ಇದ್ದರೆ ಆರಂಭವಾಗುತ್ತದೆ. ರೈಫಲ್ ದುಬಾರಿ, ಮನೆಯವರ ಕೈಗೆ ಎಟುಕದು. ಆದ್ದರಿಂದಲೇ ಈ ಕೆಲಸ ಸರ್ಕಾರದ್ದು. ಅಂಗವಿಕಲರು ಕ್ರೀಡೆಯಲ್ಲಿ ಭಾಗವಹಿಸಲು ಕ್ರಮ ಕೈಗೊಳ್ಳಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಹೇಳುತ್ತದೆ. ಪ್ರತಿ ತಾಲ್ಲೂಕಿಗೊಂದು ಇಂಥ ಹಾಲ್ ಕೇಳುವುದು ದಾನ ಬೇಡಿದಂತಲ್ಲ.

ಈ ವರ್ಷ ಕ್ರೀಡಾಕೂಟಕ್ಕೆ ಮುಂಚೆ ಗೆಳೆಯನನ್ನು ಕೇಳಿದೆ: ‘ಯಾವ ಆಟಕ್ಕೆ ನಿನ್ನ ಹೆಸರು ಬರೀಲಿ?’ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದನ್ನ ಯಾರೂ ಕೇಳಿರ್ಲಿಲ್ಲ ನೋಡು’ ಅಂದ. ನಾವು ಕೇಳಬೇಕಾದ ಪ್ರಶ್ನೆ ಅಷ್ಟೇ.