ಕಾಯಕಕ್ಕೊಂದು ಬಿಡುವು: ಫ್ರಾನ್ಸಿನ ಹಳ್ಳಿದಾರಿಗಳಲ್ಲಿ ಸೈಕಲ್ ಸಂಚಾರ

ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಇಂದು ಒಬ್ಬರಾದರೂ ಹೊರದೇಶದಲ್ಲಿ ಓದುತ್ತಿದ್ದಾರೆ, ಇಲ್ಲವೆ ಉದ್ಯೋಗದಲ್ಲಿದ್ದಾರೆ. ಯೂರೋಪಿನಲ್ಲಿ ನೆಲೆಸಿದ ಮಗನನ್ನೋ ಮಗಳನ್ನೋ ಕಾಣಲು ಹೋದ ತಂದೆತಾಯಿಯರು ಪ್ಯಾರಿಸಿನ ಐಫೆಲ್ ಗೋಪುರದ ಮುಂದೆ ಭಾವಚಿತ್ರ ತೆಗೆಸಿಕೊಂಡು, ಫ್ರಾನ್ಸ್ ನೋಡಿದೆವೆಂದು ಹಿಂದಿರುಗುವುದು ವಾಡಿಕೆಯಾಗಿದೆ. ಅದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಆ ದೇಶದಲ್ಲಿ ಸುಮಾರು 35,000 ಸ್ಥಳೀಯ ಆಡಳಿತ ಘಟಕಗಳಿದ್ದು, ಅವುಗಳಲ್ಲಿ ಬಹುಪಾಲು ಸಣ್ಣ ಸಣ್ಣ ಊರುಗಳು ಎಂಬುದನ್ನು ನೆನೆದರೆ, ನೋಡದೆ ಉಳಿದುದೆಷ್ಟು ಎಂಬುದು ಮನವರಿಕೆಯಾಗುತ್ತದೆ. ಆ ಊರುಗಳನ್ನು ಕಾಣಲು ಕಾರಿನ ವೇಗ ಹೆಚ್ಚಾಯಿತು, ಕಾಲ್ನಡಿಗೆಯ ವೇಗ ಸಾಲದಾಯಿತು. ಸೈಕಲ್ಲಿನ ವೇಗವೇ ಸರಿ. ಈ ಸಲದ ಅಂಕಣದಲ್ಲಿ ಆ ಸಂಚಾರವನ್ನು ಕುರಿತು ನಾಲ್ಕು ಮಾತು ಬರೆಯಲು ಬಯಸುತ್ತೇವೆ.

ಫ್ರಾನ್ಸಿನ ಗ್ರಾಮಾಂತರ ರಸ್ತೆಗಳಲ್ಲಿ ಹೆಚ್ಚಿನವು ಜಿಲ್ಲಾಡಳಿತಕ್ಕೆ ಸೇರಿದವು. ನಕ್ಷೆಯಲ್ಲಿ ಅವುಗಳ ಸಂಖ್ಯೆಯ ಮುಂದೆ 'ಡಿ' ಎಂಬ ಅಕ್ಷರವಿರುತ್ತದೆ. ದಾರಿ ಬದಿಯ ಮೈಲಿಗಲ್ಲುಗಳ ತಲೆಗೆ ಹಳದಿ ಬಣ್ಣ. ಮಿಶಲಿನ್ ಸಂಸ್ಥೆಯ ನಕ್ಷೆಯಲ್ಲಿ ಬಿಳಿಯ ಗೆರೆಯಾಗಿ ಕಾಣುವ ದಾರಿಗಳು ಎಲ್ಲಕ್ಕಿಂತ ನಿಶ್ಶಬ್ದವಾದವು. ಅಲ್ಲಿ ಬಹಳ ಹೊತ್ತಿಗೊಮ್ಮೆ ಒಂದು ಟ್ರಾಕ್ಟರು, ಇಲ್ಲವೆ ಅಂಚೆಯ ಗಾಡಿ ಎದುರಾದೀತು. ಊರ ಹೊರಗೆ ಸೈಕಲ್ಲನ್ನು ಹಿಂದಿಕ್ಕುವ ವಾಹನವು ಒಂದೂವರೆ ಮೀಟರ್ ಅಂತರ ಬಿಡಬೇಕೆಂದು ಕಾನೂನೇ ಇದೆ. ಇವಲ್ಲದೆ ಸೈಕಲ್ಲಿಗೆಂದೇ ಗುರುತಿಸಿದ ದೂರದ ಹಾದಿಗಳೂ ಉಂಟು. ಲುವಾರ್ ನದಿಯ ದಂಡೆಯುದ್ದಕ್ಕೂ ಅಟ್ಲಾಂಟಿಕ್ ಸಾಗರದವರೆಗೆ ಸಾಗುವ ಹಾದಿ ಸುಮಾರು 900 ಕಿಲೋಮೀಟರು. ಜಿನೀವಾ ಸರೋವರದಿಂದ ರೋನ್ ನದಿಯನ್ನು ಅನುಸರಿಸಿ ಮೆಡಿಟರೇನಿಯನ್ ಸಮುದ್ರ ಸೇರುವ ಹಾದಿ 800 ಕಿಲೋಮೀಟರಿಗೂ ಮಿಕ್ಕಿದುದು.

ಇದೆಲ್ಲ ಉಳ್ಳವರ ವಿಲಾಸವಲ್ಲವೆ ಎಂದು ಓದುಗ ಬಂಧುಗಳು ಕೇಳಬಹುದು. ನಮ್ಮಲ್ಲಿ ಸೈಕಲ್ಲೆಂದರೆ ಹಾಲು ಮಾರುವವರ, ಪತ್ರಿಕೆ ಹಂಚುವ ಹುಡುಗರ, ಶಾಲೆಗೆ ಹೋಗುವ ಮಕ್ಕಳ ವಾಹನ. ಅದನ್ನು ತುಳಿಯುವುದು ವಿನೋದವೆಂದು ಯಾರೂ ಎಣಿಸಲಿಲ್ಲ. ಪ್ರಶ್ನೆ ಯುಕ್ತವಾದುದೇ. ಆದರೆ ಈ ಸಂಚಾರದ ಚರಿತ್ರೆಯನ್ನು ಪರಿಶೀಲಿಸಿದರೆ ಬೇರೆಯೇ ಚಿತ್ರ ಕಾಣುತ್ತದೆ. 1936ರ ಜೂನ್ ತಿಂಗಳಿನಲ್ಲಿ ಲಿಯೊನ್ ಬ್ಲುಮ್ ಅವರ ಸರಕಾರವು ಕೂಲಿಕಾರರಿಗೆ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆಯ ಕಾನೂನನ್ನು ತಂದಿತು. ಅದುವರೆಗೆ ರಜೆಯೆಂಬುದನ್ನೇ ಕಾಣದಿದ್ದ ಕಾರ್ಖಾನೆಯ ಜನರು ಆ ಬೇಸಿಗೆಯಲ್ಲಿ ರಿಯಾಯಿತಿ ಟಿಕೆಟಿನಲ್ಲಿ ರೈಲು ಹತ್ತಿದರು. ಅನೇಕರು ಸೈಕಲ್ಲನ್ನೂ ಇಬ್ಬರು ತುಳಿಯುವ ಜೋಡಿ ಸೈಕಲ್ಲನ್ನೂ ಏರಿ ಹಳ್ಳಿಗಳತ್ತ ಹೊರಟರು. ಹೀಗೆ ಈ ಹಾದಿಗಳಲ್ಲಿ ಮೊದಲು ಗುಂಪುಗುಂಪಾಗಿ ನಡೆದಾಡಿದವರು ದುಡಿಮೆಯ ಜನರೇ.

ಇನ್ನೂ ಹಿಂದಕ್ಕೆ ಹೋದರೆ ಇಂತಹುದೇ ಮತ್ತೊಂದು ಸಂಗತಿ ಸಿಗುತ್ತದೆ. ದಕ್ಷಿಣ ಫ್ರಾನ್ಸಿನ ಟೂಲೂಸ್ ನಗರದಿಂದ ಮೆಡಿಟರೇನಿಯನ್ ತೀರದವರೆಗೆ 240 ಕಿಲೋಮೀಟರ್ ಉದ್ದದ ಮಿದಿ ಕಾಲುವೆಯಿದೆ. 1666ರಿಂದ 1681ರವರೆಗೆ ಇದನ್ನು ತೋಡಿಸಿದವನು ಪಿಯೆರ್ ಪಾಲ್ ರಿಕೆ. ಗಂಡಸರು, ಹೆಂಗಸರು ಸೇರಿ ಸುಮಾರು 12,000 ಮಂದಿ ಅಲ್ಲಿ ದುಡಿದರು. ಮಳೆ ಬಂದು ಕೆಲಸ ನಿಂತ ದಿನಕ್ಕೂ, ಭಾನುವಾರ ಹಾಗೂ ಹಬ್ಬದ ದಿನಗಳಿಗೂ, ಕಾಯಿಲೆ ಬಿದ್ದ ದಿನಕ್ಕೂ ರಿಕೆಯು ಕೂಲಿ ಕೊಟ್ಟನೆಂಬುದು ಆ ಕಾಲಕ್ಕೆ ಅಸಾಧಾರಣವಾದ ಮಾತು. ತನ್ನ ಸಂಪತ್ತನ್ನೂ ಅದರಲ್ಲಿ ಸುರಿದ ಆತ 1680ರಲ್ಲಿ, ಕಾಲುವೆ ತೆರೆಯಲು ಕೆಲವೇ ತಿಂಗಳುಗಳಿರುವಾಗ, ತೀರಿಕೊಂಡ. ಹಿಂದೆ ದೋಣಿಗಳನ್ನು ಎಳೆಯುವ ಕುದುರೆಗಳು ನಡೆಯುತ್ತಿದ್ದ ದಂಡೆಯ ಮೇಲೆ ಇಂದು ಸೈಕಲ್ಲುಗಳು ಸಾಗುತ್ತವೆ. ದಂಡೆಯ ಸಾಲುಮರಗಳಿಗೆ 2006ರಲ್ಲಿ ಒಂದು ಶಿಲೀಂಧ್ರ ರೋಗ ತಗುಲಿರುವುದು ಪತ್ತೆಯಾಗಿ, ಸಾವಿರಾರು ಮರಗಳನ್ನು ಕಡಿಯಬೇಕಾಯಿತು. ಅವುಗಳ ಜಾಗದಲ್ಲಿ ಬೇರೆ ಜಾತಿಯ ಸಸಿಗಳನ್ನು ನೆಡಲಾಗುತ್ತಿದೆ. ಆ ನೆರಳನ್ನು ಉಣ್ಣುವವರು ನೆಟ್ಟವರಲ್ಲ, ಅವರ ಮೊಮ್ಮಕ್ಕಳು.

ಇಂತಹ ಸಂಚಾರಕ್ಕೆ ಒಂದು ಶಿಸ್ತನ್ನು ತಂದವನು ಪಾಲ್ ದ ವಿವಿ. ಸೇಂತ್ ಎತಿಯೆನ್ ಎಂಬ ಊರಿನ ರೇಷ್ಮೆ ವ್ಯಾಪಾರಿ. 1853ರಲ್ಲಿ ಹುಟ್ಟಿದ ಈತ 1887ರಲ್ಲಿ ಸೈಕಲ್ಲಿಗೆಂದೇ ಒಂದು ಪತ್ರಿಕೆಯನ್ನು ಆರಂಭಿಸಿ, 'ವೆಲೊಸಿಯೊ' ಎಂಬ ಅಂಕಿತದಿಂದ ಬರೆದ. ಏರುದಾರಿಯನ್ನು ಹಗುರಾಗಿ ಹತ್ತಲು ಹಲವು ಗೇರುಗಳ ಸೈಕಲ್ಲು ಬೇಕೆಂದು ಆತ ಜೀವಮಾನವಿಡೀ ವಾದಿಸಿದ. ಟೂರ್ ದ ಫ್ರಾನ್ಸ್ ಪಂದ್ಯವು ಓಡುತ್ತಲೇ ಗೇರು ಬದಲಿಸುವ ಸಾಧನವನ್ನು ಒಪ್ಪಿಕೊಂಡದ್ದು 1937ರಲ್ಲಿ, ವೆಲೊಸಿಯೊ ತೀರಿಕೊಂಡು ಏಳು ವರ್ಷಗಳಾದ ಮೇಲೆ. ನಮ್ಮ ಓದುಗರಿಗೆ ಅಚ್ಚರಿಯೆನಿಸುವ ಸಂಗತಿಯೆಂದರೆ, ಆತ ಸಸ್ಯಾಹಾರಿ. ಸಂಚಾರಿಗಳಿಗೆ ಆತ ಹಾಕಿಕೊಟ್ಟ ಏಳು ನಿಯಮಗಳಲ್ಲಿ, ಹಸಿವು ಬಾಯಾರಿಕೆಗಳು ಕಾಣಿಸುವ ಮೊದಲೇ ಹಿತಮಿತವಾಗಿ ತಿಂದು ಕುಡಿಯಬೇಕೆಂಬುದು ಒಂದು. ದಾರಿಯಲ್ಲಿರುವಾಗಲಾದರೂ ಮದ್ಯ, ಮಾಂಸ, ತಂಬಾಕುಗಳನ್ನು ಬಿಡಬೇಕೆಂಬುದು ಮತ್ತೊಂದು. ಕೊನೆಯ ನಿಯಮವಂತೂ, ಒಣ ಅಭಿಮಾನಕ್ಕಾಗಿ ಎಂದೂ ತುಳಿಯಬಾರದೆಂಬುದು. ಅಹಂಕಾರವನ್ನು ಅಳಿಯಬೇಕೆಂದ ಶರಣರನ್ನು ಅರಿತ ನಮಗೆ ಈ ಮಾತಿಗೆ ವ್ಯಾಖ್ಯಾನ ಬೇಕಾಗಿಲ್ಲ.

ಹೊಸದಾಗಿ ತೊಡಗುವ ಕುಟುಂಬಕ್ಕೆ ಬರ್ಗಂಡಿ ಪ್ರಾಂತದ ಜಿವ್ರಿಯಿಂದ ಕ್ಲ್ಯೂನಿಯವರೆಗಿನ 44 ಕಿಲೋಮೀಟರುಗಳ ಹಾದಿಯನ್ನು ಸೂಚಿಸುತ್ತೇವೆ. ನಿಂತುಹೋದ ರೈಲು ಮಾರ್ಗದ ಹಳಿ ಕಿತ್ತು, ಡಾಂಬರು ಹಾಕಿ, 1997ರಲ್ಲಿ ಇದನ್ನು ತೆರೆದರು. ಆ ದೇಶದಲ್ಲಿ 'ಹಸಿರು ಹಾದಿ' ಎಂಬ ಹೆಸರಿನ ದಾರಿಗಳಲ್ಲಿ ಇದೇ ಮೊದಲನೆಯದು. ರೈಲಿನ ದಾರಿಯಾದ್ದರಿಂದ ಕಡಿದಾದ ಏರಿಲ್ಲ. ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಎರಡು ದಿನಗಳಲ್ಲಿ ನಿಧಾನವಾಗಿ ಮುಗಿಸಬಹುದು. ಕ್ಲ್ಯೂನಿಯಲ್ಲಿ 910ರಲ್ಲಿ ಸ್ಥಾಪನೆಯಾದ ಕ್ರೈಸ್ತ ಮಠವಿತ್ತು. ರೋಮಿನ ಸಂತ ಪೀಟರ್ ದೇವಾಲಯವನ್ನು ಹೊಸದಾಗಿ ಕಟ್ಟುವವರೆಗೆ ಈ ಮಠದ ದೇವಾಲಯವೇ ಕ್ರೈಸ್ತ ಜಗತ್ತಿನಲ್ಲಿ ಅತಿ ದೊಡ್ಡದು. ಫ್ರೆಂಚ್ ಕ್ರಾಂತಿಯ ನಂತರ ಜನ ಅದರ ಕಲ್ಲುಗಳನ್ನು ಕಿತ್ತೊಯ್ದರು. ಹತ್ತರಲ್ಲಿ ಒಂದು ಪಾಲೂ ಇಂದು ಉಳಿದಿಲ್ಲ. ಅದೇ ಹಾದಿಯಲ್ಲಿ, ಕ್ಲ್ಯೂನಿಗೆ ಸುಮಾರು 10 ಕಿಲೋಮೀಟರು ಮೊದಲು, ಗುಡ್ಡದ ಮೇಲೆ ತೆಜೆ ಎಂಬ ಪುಟ್ಟ ಹಳ್ಳಿಯಿದೆ. 1940ರಲ್ಲಿ ಸೋದರ ರೋಜರ್ ಅಲ್ಲಿ ಆರಂಭಿಸಿದ ಸರಳ ಪ್ರಾರ್ಥನಾ ಸಮುದಾಯವನ್ನು ಅರಸಿ ನಾನಾ ದೇಶಗಳ ತರುಣರು ಇಂದಿಗೂ ಬರುತ್ತಾರೆ. ಕಟ್ಟಡವು ಬೀಳುತ್ತದೆ, ಬದುಕಿನ ರೀತಿ ಉಳಿಯುತ್ತದೆ ಎಂಬುದನ್ನು ಅರ್ಧ ದಿನದ ಸೈಕಲ್ ಸಂಚಾರದಲ್ಲಿ ಕಣ್ಣಾರೆ ಕಾಣಬಹುದು.

ಆ ಹಳ್ಳಿಗಳ ಮೌನವನ್ನು ಹೊಗಳುವಾಗ ಅದರ ಬೆಲೆಯನ್ನು ಮರೆಯಬಾರದು. ಹೆಚ್ಚು ಕಡಿಮೆ ಪ್ರತಿ ಊರಿನಲ್ಲಿಯೂ ಒಂದು ಸ್ಮಾರಕಶಿಲೆಯಿದೆ. 1914ರಿಂದ 1918ರವರೆಗಿನ ಯುದ್ಧದಲ್ಲಿ ಆ ದೇಶದ ಸುಮಾರು 14 ಲಕ್ಷ ಸೈನಿಕರು ಮಡಿದರು. ಪುಟ್ಟ ಊರಿನ ಕಲ್ಲಿನ ಮೇಲೆ ಒಂದೇ ಮನೆತನದ ಹೆಸರು ಎರಡು ಮೂರು ಸಲ ಬರುವುದುಂಟು. ಉಳಿದವರ ಮಕ್ಕಳಲ್ಲಿ ಅನೇಕರು ಕೆಲಸ ಹುಡುಕಿಕೊಂಡು ಪಟ್ಟಣ ಸೇರಿದರು. ಅಂಗಡಿ ಮುಚ್ಚಿತು, ಶಾಲೆ ಮುಚ್ಚಿತು, ರೈಲು ನಿಂತಿತು. ಇಂತಹ ಊರಿನಲ್ಲಿ ಒಂದು ರಾತ್ರಿ ತಂಗಿ, ಅಲ್ಲಿಯ ರೊಟ್ಟಿ ಹಣ್ಣು ಕೊಳ್ಳುವ ಸಂಚಾರಿಯು ಉಪಕಾರವನ್ನು ಪಡೆಯುವಂತೆ ಮಾಡಿಯೂ ಹೋಗುತ್ತಾನೆ.

ಇನ್ನು ಕೆಲವು ವ್ಯಾವಹಾರಿಕ ಸೂಚನೆಗಳು. ಮೇ, ಜೂನ್, ಸೆಪ್ಟೆಂಬರ್ ತಿಂಗಳುಗಳು ಹಿತಕರ. ಬೆಳಗಿನ ಇಷ್ಟಲಿಂಗ ಪೂಜೆಯನ್ನು ನೆಮ್ಮದಿಯಿಂದ ಮುಗಿಸಿ ಹೊರಟರೂ ದಿನಕ್ಕೆ 30 ಕಿಲೋಮೀಟರು ಕಷ್ಟವಲ್ಲ. ಹಿರಿಯರಿಗೆ ವಿದ್ಯುತ್ ನೆರವಿನ ಸೈಕಲ್ಲು ಒದಗುತ್ತದೆ. ತುಳಿಯುವಾಗ ಮಾತ್ರ ಅದು ನೆರವಾಗುತ್ತದೆ, ಗಂಟೆಗೆ 25 ಕಿಲೋಮೀಟರು ದಾಟಿದರೆ ನೆರವು ನಿಲ್ಲುತ್ತದೆ. 12 ವರ್ಷದೊಳಗಿನ ಮಕ್ಕಳಿಗೆ 2017ರಿಂದ ಹೆಲ್ಮೆಟ್ ಕಡ್ಡಾಯ. ಹಳ್ಳಿಯ ಅಂಗಡಿಗಳು ಮಧ್ಯಾಹ್ನ ಮುಚ್ಚಿರುತ್ತವೆ, ಸೋಮವಾರ ಹಲವು ತೆರೆಯುವುದೇ ಇಲ್ಲ. ಆದುದರಿಂದ ಬುತ್ತಿ ಜೊತೆಯಲ್ಲಿರಲಿ. ನೀರು ಬೇಕಾದರೆ ಊರಿನ ಸ್ಮಶಾನದ ನಲ್ಲಿಯಲ್ಲಿ ತುಂಬಿಕೊಳ್ಳುವುದು ಅಲ್ಲಿಯ ಸೈಕಲ್ ಸಂಚಾರಿಗಳ ರೂಢಿ. ಕುಡಿಯಲು ತಕ್ಕುದಲ್ಲವೆಂಬ ಫಲಕವಿದೆಯೆ ಎಂದು ಮೊದಲು ನೋಡಿಕೊಳ್ಳಬೇಕು. ಚೀಸಿನಲ್ಲಿ ಹಲವು ಬಗೆಗಳನ್ನು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದ ಮಾಡುತ್ತಾರೆ. ಕಟ್ಟುನಿಟ್ಟಿನ ಸಸ್ಯಾಹಾರಿಗಳು ವಿಚಾರಿಸಿಯೇ ಕೊಳ್ಳುವುದು ಒಳಿತು. ಸೊಪ್ಪಿನ ಕೋಸಂಬರಿಯಂತೆ ಕಾಣುವ ತಿನಿಸಿನಲ್ಲಿಯೂ ಹಂದಿಮಾಂಸದ ಚೂರುಗಳಿರುವುದುಂಟು. ಸೈಕಲ್ ಹಾದಿಯಿಂದ ಐದು ಕಿಲೋಮೀಟರಿನೊಳಗಿದ್ದು, ಸೈಕಲ್ಲನ್ನು ಭದ್ರವಾಗಿಡಲು ಸ್ಥಳವುಳ್ಳ ವಸತಿಗಳಿಗೆ 'ಅಕ್ಯೋಯ್ ವೆಲೊ' ಎಂಬ ಗುರುತು ಕೊಟ್ಟಿರುತ್ತಾರೆ. ಎದುರಾದವರಿಗೆ 'ಬೋನ್‌ಜೂರ್' ಎಂದು ವಂದಿಸುವುದನ್ನು ಮರೆಯಬಾರದು. ನಮ್ಮ 'ಶರಣು' ಎಂಬ ಮಾತಿನಂತೆ ಆ ಒಂದು ನುಡಿಯೇ ಅರ್ಧ ಬಾಗಿಲು ತೆರೆಯುತ್ತದೆ.

ಕಾಯಕವನ್ನು ಪೂಜೆಯೆಂದು ತಿಳಿದ ಜನ ನಾವು. ಆದರೆ ಕಾಯಕವೇ ಪೂಜೆಯೆಂದವರು ದೇಹವನ್ನು ದಂಡಿಸಿರೆಂದು ಹೇಳಲಿಲ್ಲ. ಹೊರದೇಶದಲ್ಲಿರುವ ನಮ್ಮ ಮಕ್ಕಳಲ್ಲಿ ಎಷ್ಟೋ ಮಂದಿ ಹಕ್ಕಿನ ರಜೆಯನ್ನೂ ಉಳಿಸಿಕೊಂಡು ದುಡಿಯುತ್ತಾರೆ. ದೂರವಾಣಿಯಲ್ಲಿ ತಂದೆತಾಯಿಯರು ಕೇಳುವುದೂ ಬಡ್ತಿಯ ವಿಚಾರವನ್ನೇ. ಮುಂದಿನ ಸಲ ಮಾತನಾಡುವಾಗ, ಈ ವರ್ಷ ರಜೆ ತೆಗೆದುಕೊಂಡೆಯಾ ಮಗು ಎಂದು ಒಮ್ಮೆ ಕೇಳಿ ನೋಡಿರಿ. ಇಲ್ಲವೆಂದರೆ, ನಾವು ಬರುತ್ತೇವೆ, ನಾಲ್ಕು ದಿನ ಸೈಕಲ್ಲಿನಲ್ಲಿ ಹಳ್ಳಿ ಸುತ್ತೋಣವೆಂದು ಹೇಳಿರಿ. ಒಂದೇ ದಾರಿಯಲ್ಲಿ ಮುಂದೆ ಹಿಂದೆ ಸಾಗುವಾಗ, ದೂರವಾಣಿಯಲ್ಲಿ ಆಡಲಾಗದ ಮಾತುಗಳೂ ತಾವಾಗಿಯೇ ಹೊರಬರುತ್ತವೆ.